ಒಬ್ಬರಿಗಾಗಿ ಅಡುಗೆ, ಕಡಿಮೆ ಖರ್ಚಿನಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಊರು ಬಿಟ್ಟು ಬಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸ್ವಂತ ಅಡುಗೆ ಮಾಡಿಕೊಳ್ಳುವವರು ನನ್ನನ್ನು ಕೇಳುವ ಪ್ರಶ್ನೆಗಳಿವು. ಇವರಲ್ಲಿ ಓದುವ ಹುಡುಗ ಹುಡುಗಿಯರಿದ್ದಾರೆ, ಮೊದಲ ಸಂಬಳ ಎಣಿಸುತ್ತಿರುವವರಿದ್ದಾರೆ, ಮಕ್ಕಳು ದೂರವಿರುವ ಹಿರಿಯರೂ ಇದ್ದಾರೆ. ನಾನು ಕಂಡಂತೆ ಒಂಟಿ ಅಡುಗೆಯವರ ಹಣ ಸೋರುವ ಜಾಗ ಎರಡು. ಒಂದು, ತಿನ್ನದೆ ಕಸದ ಬುಟ್ಟಿಗೆ ಹೋಗುವ ತರಕಾರಿ. ಇನ್ನೊಂದು, ರಾತ್ರಿ ಒಂಬತ್ತಕ್ಕೆ ದಣಿದು ಬಂದಾಗ ಮನೆಯಲ್ಲಿ ಏನೂ ಸಿದ್ಧವಿಲ್ಲದೆ ಹೊರಗಿನಿಂದ ತರಿಸಿಕೊಳ್ಳುವ ಊಟ. ಅಂಗಡಿಯ ಬೆಲೆ ಏರಿಳಿಯುವುದು ನಮ್ಮ ಕೈಯಲ್ಲಿಲ್ಲ, ಈ ಎರಡು ನಮ್ಮ ಕೈಯಲ್ಲಿವೆ.

ಒಬ್ಬರಿಗೇ ಅಡುಗೆ ಮಾಡಿಕೊಳ್ಳುವುದು ನಿಜವಾಗಿಯೂ ಅಗ್ಗವೇ? ಮೆಸ್ಸಿನ ಊಟವೇ ವಾಸಿಯಲ್ಲವೇ?

ಎಷ್ಟು ಕಾಲ ಇರುತ್ತೀರಿ ಎಂಬುದರ ಮೇಲಿದೆ. ಎರಡು ಮೂರು ತಿಂಗಳ ತರಬೇತಿಗೆಂದು ಬಂದವರು ಒಲೆ, ಕುಕ್ಕರ್, ಡಬ್ಬಿಗಳಿಗೆ ಹಣ ಹಾಕುವುದು ಬೇಡ. ಒಳ್ಳೆಯ ಮೆಸ್ ಹುಡುಕಿಕೊಳ್ಳಿ. ವರ್ಷಗಟ್ಟಲೆ ಇರುವವರಿಗೆ ಮನೆಯ ಅಡುಗೆಯೇ ಅಗ್ಗ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತಂದದ್ದನ್ನೆಲ್ಲ ತಿಂದರೆ ಮಾತ್ರ. ಹುರುಳಿಕಾಯಿ ಕಿಲೋಗೆ 60 ರೂಪಾಯಿ ಎಂದಿಟ್ಟುಕೊಳ್ಳಿ. ಅಗ್ಗವೆಂದು ಒಂದು ಕಿಲೋ ತಂದು ಅರ್ಧ ಬಾಡಿಸಿ ಎಸೆದರೆ, ನೀವು ತಿಂದ ಹುರುಳಿಕಾಯಿಗೆ ಕಿಲೋಗೆ 120 ಕೊಟ್ಟಂತಾಯಿತು. ಪಕ್ಕದ ಅಂಗಡಿಯಲ್ಲಿ ಕಾಲು ಕಿಲೋ 20 ರೂಪಾಯಿಗೆ ತಂದು ಪೂರ್ತಿ ತಿಂದವರು ನಿಮಗಿಂತ ಲಾಭದಲ್ಲಿರುತ್ತಾರೆ. ಒಬ್ಬರಿಗೆ ಅಡುಗೆ ಮಾಡುವವರು ಬೆಲೆಯನ್ನು ತಕ್ಕಡಿಯಲ್ಲಿ ನೋಡಬಾರದು, ತಟ್ಟೆಯಲ್ಲಿ ನೋಡಬೇಕು.

ಮಧ್ಯಾಹ್ನ ಕಚೇರಿಯ ಅಥವಾ ಕಾಲೇಜಿನ ಕ್ಯಾಂಟೀನಿನಲ್ಲಿ ರಿಯಾಯಿತಿ ದರದ ಊಟ ಸಿಗುವುದಾದರೆ ಅದನ್ನು ಬಿಡಬೇಡಿ. ಮೂರು ಹೊತ್ತೂ ಮನೆಯಲ್ಲೇ ಆಗಬೇಕೆಂಬ ಹಟ ಬೇಕಿಲ್ಲ.

ತಿಂಗಳಿಗೆ ಒಬ್ಬರಿಗೆ ಎಷ್ಟು ಸಾಮಾನು ಬೇಕು?

ರೂಪಾಯಿಯಲ್ಲಿ ಹೇಳಿದರೆ ಮುಂದಿನ ತಿಂಗಳಿಗೆ ಹಳತಾಗುತ್ತದೆ, ಹಾಗಾಗಿ ತೂಕದಲ್ಲಿ ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ಒಂದು ದಿನದ ತಟ್ಟೆಯ ಲೆಕ್ಕವಿದೆ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ, ಮಾಂಸ ಸೇರಿ 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿಲೀಟರ್, ಎಣ್ಣೆ 27 ಗ್ರಾಂ, ಕಡಲೆಬೀಜದಂಥ ಬೀಜಗಳು 35 ಗ್ರಾಂ. ಇದನ್ನು ಮೂವತ್ತರಿಂದ ಗುಣಿಸಿ. ಅಕ್ಕಿ, ರಾಗಿ, ಗೋಧಿ, ರವೆ, ಅವಲಕ್ಕಿ ಎಲ್ಲ ಸೇರಿ ಏಳೂವರೆ ಕಿಲೋ, ಬೇಳೆಕಾಳು ಸುಮಾರು ಎರಡೂವರೆ ಕಿಲೋ, ಕಡಲೆಬೀಜ ಒಂದು ಕಿಲೋ, ಎಣ್ಣೆ ಒಂದು ಲೀಟರ್‌ಗೂ ಒಳಗೆ, ಹಾಲು ಒಂಬತ್ತು ಲೀಟರ್, ತರಕಾರಿ ವಾರಕ್ಕೆ ಮೂರು ಕಿಲೋಗೂ ಸ್ವಲ್ಪ ಕಡಿಮೆ.

ಮೈ ಮುರಿದು ದುಡಿಯುವವರಿಗೆ ಇದು ಸಾಲದು, ಕುಳಿತು ಕೆಲಸ ಮಾಡುವವರಲ್ಲಿ ಕೆಲವರಿಗೆ ಹೆಚ್ಚಾಗಬಹುದು. ಆದರೂ ಅಳತೆಗೋಲಾಗಿ ಬಹಳ ಉಪಯೋಗಕ್ಕೆ ಬರುತ್ತದೆ. ನಿಮ್ಮ ಕಳೆದ ತಿಂಗಳ ಕಿರಾಣಿ ಚೀಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಹುಪಾಲು ಜನರ ಚೀಟಿಯಲ್ಲಿ ಅಕ್ಕಿ, ಎಣ್ಣೆ ಹೆಚ್ಚಾಗಿರುತ್ತವೆ, ಬೇಳೆಕಾಳು ಕಡಿಮೆಯಾಗಿರುತ್ತದೆ, ಬಿಸ್ಕತ್ತು ಮತ್ತು ಕುರುಕಲು ತಿಂಡಿಗೆ ಬೇಳೆಗಿಂತ ಹೆಚ್ಚು ಹಣ ಹೋಗಿರುತ್ತದೆ.

25 ಕಿಲೋ ಅಕ್ಕಿ ಮೂಟೆ ತಂದರೆ ಉಳಿತಾಯವಲ್ಲವೇ?

ನಾಲ್ಕು ಜನರ ಮನೆಗೆ ಹೌದು. ನಿಮಗೆ ಅದು ನಾಲ್ಕೈದು ತಿಂಗಳ ಅಕ್ಕಿ. ಅಷ್ಟರಲ್ಲಿ ಹುಳು ಬೀಳುತ್ತದೆ, ಅದೂ ಮಳೆಗಾಲದಲ್ಲಾದರೆ ಬೇಗ. ಐದು ಕಿಲೋ ತನ್ನಿ. ಇಲ್ಲವೇ ಅದೇ ಕಟ್ಟಡದ ಇನ್ನಿಬ್ಬರ ಜೊತೆ ಮೂಟೆ ಹಂಚಿಕೊಳ್ಳಿ. ಡಬ್ಬಿಗೆ ನಾಲ್ಕು ಒಣಮೆಣಸಿನಕಾಯಿ ಅಥವಾ ಒಣಗಿದ ಬೇವಿನೆಲೆ ಹಾಕಿಡುವುದು ಹಳೆಯ ರೂಢಿ, ಈಗಲೂ ಕೆಲಸಕ್ಕೆ ಬರುತ್ತದೆ. ರವೆಯನ್ನು ತಂದ ದಿನವೇ ಹುರಿದು ಆರಿಸಿ ತುಂಬಿ. ಹುಳು ಬೀಳುವುದಿಲ್ಲ, ಉಪ್ಪಿಟ್ಟಿಗೆ ಮತ್ತೆ ಹುರಿಯುವ ಕೆಲಸವೂ ಉಳಿಯುತ್ತದೆ.

ಉಪ್ಪು, ಹುಣಸೆಹಣ್ಣು, ಬೆಲ್ಲ, ಸಾಸಿವೆ ಬೇಗ ಕೆಡುವುದಿಲ್ಲ, ಇವನ್ನು ಸ್ವಲ್ಪ ಹೆಚ್ಚು ತಂದಿಟ್ಟುಕೊಳ್ಳಬಹುದು. ಪುಡಿ ಮಾಡಿದ ಯಾವುದನ್ನೂ, ಎಣ್ಣೆಯಂಶವಿರುವ ಯಾವುದನ್ನೂ ಹೆಚ್ಚು ತರಬೇಡಿ. ಧನಿಯಾ ಪುಡಿ ಎರಡು ತಿಂಗಳಿಗೆ ಮರದ ಹೊಟ್ಟಿನಂತಾಗುತ್ತದೆ, ಕಡಲೆಬೀಜ ಮುಗ್ಗಲು ಹಿಡಿಯುತ್ತದೆ.

ಇನ್ನೊಂದು ಮಾತು. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಹೆಸರು ಅಚ್ಚು ಮಾಡಿದ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಶೇ 5ರಷ್ಟು ಜಿಎಸ್‌ಟಿ ಬಂದಿತು, ಅಂಗಡಿಯವರು ಮೂಟೆಯಿಂದ ಬಿಡಿಯಾಗಿ ತೂಗಿ ಕೊಡುವುದಕ್ಕೆ ಹಾಕಲಿಲ್ಲ. ಒಬ್ಬರೇ ಇರುವವರಿಗೆ ಹಳೆಯ ಕಿರಾಣಿ ಅಂಗಡಿ ಒಗ್ಗುವುದಕ್ಕೆ ಇದೂ ಒಂದು ಕಾರಣ. ನೂರು ಗ್ರಾಂ ಉದ್ದಿನಬೇಳೆ, ಐವತ್ತು ಗ್ರಾಂ ಜೀರಿಗೆ ಎಂದು ಕೇಳಲು ನಾಚಿಕೊಳ್ಳಬೇಡಿ. ಪೊಟ್ಟಣವನ್ನೇ ಕೊಳ್ಳುವುದಾದರೆ ಎಂಆರ್‌ಪಿಯ ಪಕ್ಕದಲ್ಲಿ ಗ್ರಾಂಗೆ ಅಥವಾ ಕಿಲೋಗೆ ಎಷ್ಟು ಎಂಬ ದರವೂ ಅಚ್ಚಾಗಿರುತ್ತದೆ, ಅದನ್ನು ಹೋಲಿಸಿ.

ತರಕಾರಿ ಎಲ್ಲಿ ಕೊಳ್ಳಬೇಕು?

ಬೆಂಗಳೂರಿನಲ್ಲಿ ಅಗ್ಗದ ತರಕಾರಿ ಎಂದರೆ ಎಲ್ಲರೂ ಕೆ.ಆರ್. ಮಾರುಕಟ್ಟೆಯ ಹೆಸರು ಹೇಳುತ್ತಾರೆ. ಹತ್ತಿರವಿದ್ದರೆ ಹೋಗಿ. ದೂರದಿಂದ ಹೋಗಿ ಬಂದ ಖರ್ಚು, ಅಗ್ಗವಾಗಿ ಕಂಡಿತೆಂದು ಚೀಲ ತುಂಬಿಸಿಕೊಂಡ ಖರ್ಚು ಎರಡನ್ನೂ ಕೂಡಿದರೆ ಒಬ್ಬರಿಗೆ ಅಲ್ಲಿ ಉಳಿಯುವುದು ಕಡಿಮೆ. ನನ್ನ ಮಟ್ಟಿಗೆ ಒಂಟಿ ಅಡುಗೆಯವರಿಗೆ ಹೇಳಿ ಮಾಡಿಸಿದ ಜಾಗಗಳು ಬೀದಿಯ ತಳ್ಳುಗಾಡಿ ಮತ್ತು ಹಾಪ್‌ಕಾಮ್ಸ್ ಮಳಿಗೆ. ಹಾಪ್‌ಕಾಮ್ಸ್ 1959ರಲ್ಲಿ ಶುರುವಾದ ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘ. ದರ ಬರೆದು ಹಾಕಿರುತ್ತಾರೆ, ಚೌಕಾಸಿ ಬಾರದವರಿಗೆ ಅದು ದೊಡ್ಡ ಅನುಕೂಲ. ಎರಡು ಕ್ಯಾರೆಟ್, ಒಂದು ಬೀಟ್ರೂಟ್ ಆಯ್ದುಕೊಂಡು ತೂಗಿಸಬಹುದು.

ತಳ್ಳುಗಾಡಿಯವರ ಬಳಿ, "ಅಣ್ಣಾ, ಸಾಂಬಾರಿಗೆ ಅಂತ ಎಲ್ಲ ಸೇರಿಸಿ ಅರ್ಧ ಕಿಲೋ ಕೊಡಿ" ಎಂದು ಕೇಳಿ. ಒಂದು ಬದನೆಕಾಯಿ, ಒಂದು ನುಗ್ಗೆಕಾಯಿ, ನಾಲ್ಕು ಹುರುಳಿಕಾಯಿ, ಒಂದು ಆಲೂಗಡ್ಡೆ, ಒಂದು ತುಂಡು ಕುಂಬಳ ಹಾಕಿಕೊಡುತ್ತಾರೆ. ಒಂದೇ ತರಕಾರಿಯನ್ನು ನಾಲ್ಕು ದಿನ ತಿನ್ನುವ ಬೇಸರ ತಪ್ಪುತ್ತದೆ. ವಾರದಲ್ಲಿ ಎರಡು ಮೂರು ಸಲ ಅವರಲ್ಲೇ ಕೊಂಡರೆ ಎರಡು ಎಸಳು ಕರಿಬೇವು, ಕೊತ್ತಂಬರಿಯನ್ನು ಕೇಳದೆಯೇ ಹಾಕುತ್ತಾರೆ.

ಸಂತೆಯಿರುವ ಊರಿನಲ್ಲಿದ್ದರೆ ಸಂಜೆ ಮುಗಿಯುವ ಹೊತ್ತಿಗೆ ಹೋಗಿ. ಉಳಿದದ್ದನ್ನು ಗುಡ್ಡೆ ಹಾಕಿ ಕೊಡುತ್ತಾರೆ. ಗುಡ್ಡೆಯ ತರಕಾರಿಯನ್ನು ಮಾತ್ರ ಅಂದೇ ಇಲ್ಲವೇ ಮರುದಿನವೇ ಬೇಯಿಸಬೇಕು.

ಹತ್ತು ನಿಮಿಷದಲ್ಲಿ ಮನೆಗೆ ತಲುಪಿಸುವ ಆಪ್‌ಗಳು ಬೇಡ ಎನ್ನುವುದಿಲ್ಲ. ಆದರೆ ತಲುಪಿಸುವ ಶುಲ್ಕ ತಪ್ಪಿಸಲೆಂದು ಬೇಡದ ಎರಡು ವಸ್ತು ಸೇರಿಸುವ ಅಭ್ಯಾಸ ಬೆಳೆಯುತ್ತದೆ, ಅಲ್ಲಿಯೇ ತಿಂಗಳ ಲೆಕ್ಕ ತಪ್ಪುತ್ತದೆ.

ಒಂದು ಕಟ್ಟು ಸೊಪ್ಪು ಒಬ್ಬರಿಗೆ ಜಾಸ್ತಿ. ಪ್ರತಿ ಸಲ ಅರ್ಧ ಕೊಳೆಯುತ್ತದೆ. ಏನು ಮಾಡುವುದು?

ಬಸ್ಸಾರು ಮಾಡಿ. ಹಳೆ ಮೈಸೂರು ಸೀಮೆಯ ಈ ಅಡುಗೆ ಒಂಟಿಯಾಗಿರುವವರಿಗೆಂದೇ ಹುಟ್ಟಿತೇನೋ ಎನ್ನುವಷ್ಟು ಚೆನ್ನಾಗಿ ಹೊಂದುತ್ತದೆ. ಒಂದು ಸಲ ಬೇಯಿಸಿದರೆ ಸಾರು, ಪಲ್ಯ ಎರಡೂ ಸಿಗುತ್ತವೆ, ಕಟ್ಟು ಸೊಪ್ಪು ಪೂರ್ತಿ ಖರ್ಚಾಗುತ್ತದೆ.

ಒಂದು ಹಿಡಿ ತೊಗರಿಬೇಳೆಯನ್ನು, ಅಂದರೆ ಐವತ್ತು ಅರವತ್ತು ಗ್ರಾಂ, ನಾಲ್ಕು ಲೋಟ ನೀರಿಗೆ ಹಾಕಿ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಬೇಯಿಸಿ. ಬೇಳೆ ಬೆರಳಿಗೆ ಸಿಕ್ಕರೆ ಮುರಿಯಬೇಕು, ಕರಗಬಾರದು. ಕುಕ್ಕರಿನಲ್ಲಿ ಇಟ್ಟರೆ ಕರಗಿ ಹೋಗುತ್ತದೆ, ಆಗ ಬಸಿಯಲು ಏನೂ ಉಳಿಯುವುದಿಲ್ಲ. ಈಗ ತೊಳೆದು ಹೆಚ್ಚಿದ ದಂಟಿನ ಸೊಪ್ಪೋ ಹರಿವೆಯೋ ಸಬ್ಬಸಿಗೆಯೋ ಒಂದು ಕಟ್ಟು, ಉಪ್ಪು ಹಾಕಿ. ಎಳೆ ದಂಟನ್ನೂ ಹೆಚ್ಚಿ ಹಾಕಿ, ಎಸೆಯಬೇಡಿ. ಸೊಪ್ಪು ಮೆತ್ತಗಾದ ಕೂಡಲೇ ನೀರನ್ನು ಬೇರೆ ಪಾತ್ರೆಗೆ ಬಸಿಯಿರಿ. ಇದೇ ಕಟ್ಟು.

ಒಂದು ಸಣ್ಣ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಮೂರು ಒಣಮೆಣಸಿನಕಾಯಿ, ಸ್ವಲ್ಪ ಜೀರಿಗೆ, ಐದಾರು ಕಾಳುಮೆಣಸನ್ನು ಕಾಲು ಚಮಚ ಎಣ್ಣೆಯಲ್ಲಿ ಬಾಡಿಸಿ. ಚೂರು ಹುಣಸೆಹಣ್ಣು, ಎರಡು ಚಮಚ ತೆಂಗಿನತುರಿ, ಬೆಂದ ಸೊಪ್ಪು ಬೇಳೆಯದೇ ಒಂದು ಹಿಡಿ ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಹಿಡಿಯೇ ಸಾರಿಗೆ ಮೈ ಕೊಡುತ್ತದೆ, ಹಾಗಾಗಿ ಕಾಯಿ ಕಡಿಮೆಯಿದ್ದರೂ ನಡೆಯುತ್ತದೆ. ರುಬ್ಬಿದ್ದನ್ನು ಕಟ್ಟಿಗೆ ಕಲಸಿ ಚೆನ್ನಾಗಿ ಕುದಿಸಿ. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಈರುಳ್ಳಿ, ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಕೊಟ್ಟರೆ ಪಲ್ಯ ಸಿದ್ಧ.

ಮೊದಲ ರಾತ್ರಿ ಮುದ್ದೆಯ ಜೊತೆ ಸಾರು, ಪಲ್ಯ. ಮರುದಿನ ಅನ್ನಕ್ಕೆ ಅದೇ ಸಾರು. ಬಸ್ಸಾರು ಎರಡನೆಯ ದಿನವೇ ಹೆಚ್ಚು ರುಚಿ, ಇದನ್ನು ತಿಂದು ಬೆಳೆದವರೆಲ್ಲ ಒಪ್ಪುತ್ತಾರೆ. ಮಿಕ್ಕ ಪಲ್ಯವನ್ನು ಅಕ್ಕಿ ಹಿಟ್ಟಿಗೆ ಕಲಸಿ ಬೆಳಗಿನ ರೊಟ್ಟಿ ತಟ್ಟಿ.

ಇದೇ ಜಾತಿಗೆ ಸೇರಿದ್ದು ಹುರುಳಿ ಕಟ್ಟಿನ ಸಾರು: ಹುರುಳಿಕಾಳು ಬೇಯಿಸಿದ ನೀರು ಸಾರಿಗೆ, ಕಾಳು ಒಗ್ಗರಣೆಗೆ. ಮೆಂತ್ಯದ ಸೊಪ್ಪು, ದೊಡ್ಡಪತ್ರೆ ನಾಲ್ಕೆಲೆ ಉಳಿದರೆ ಜೀರಿಗೆ, ಕಾಯಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ. ಒಲೆಯ ಮುಂದೆ ಎರಡು ನಿಮಿಷದ ಕೆಲಸ.

ಪ್ರತಿದಿನ ಅಡುಗೆ ಮಾಡಲು ಸಮಯವಿಲ್ಲ. ಭಾನುವಾರವೇ ಇಡೀ ವಾರದ್ದು ಮಾಡಿಟ್ಟರೆ?

ಬೇಡ. ಗುರುವಾರದ ಹೊತ್ತಿಗೆ ಆ ಸಾಂಬಾರಿನ ಡಬ್ಬಿಯನ್ನು ನೋಡಲೂ ಮನಸ್ಸಾಗುವುದಿಲ್ಲ, ಅದು ಬುಟ್ಟಿಗೆ ಹೋಗುತ್ತದೆ, ನೀವು ಹೋಟೆಲಿಗೆ ಹೋಗುತ್ತೀರಿ. ಪೂರ್ತಿಯಾದ ಅಡುಗೆಯನ್ನು ಕೂಡಿಡುವ ಬದಲು ಅರ್ಧವಾದ ಅಡುಗೆಯನ್ನು ಕೂಡಿಡಿ.

ಬೇಳೆಯನ್ನೇ ನೋಡಿ. ನೂರೈವತ್ತು ಗ್ರಾಂ ತೊಗರಿಬೇಳೆಯನ್ನು ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಒಂದೇ ಸಲ ಕುಕ್ಕರಿನಲ್ಲಿ ಬೇಯಿಸಿ. ಉಪ್ಪು, ಹುಳಿ, ಖಾರ ಏನೂ ಬೇಡ. ಮೂರು ಪಾಲು ಮಾಡಿ ಆರಿದ ಮೇಲೆ ಫ್ರಿಜ್ಜಿಗಿಡಿ. ಮೊದಲ ದಿನ ಇಂಗು, ಹಸಿಮೆಣಸಿನಕಾಯಿ ಹಾಕಿದ ತೊವ್ವೆ. ಎರಡನೆಯ ದಿನ ಹುಣಸೆ ರಸ, ಸಾರಿನ ಪುಡಿ ಹಾಕಿ ತಿಳಿಸಾರು. ಮೂರನೆಯ ದಿನ ಇದ್ದಬದ್ದ ತರಕಾರಿಯೆಲ್ಲ ಹಾಕಿ ಹುಳಿ. ಒಲೆ ಬೇಳೆಗಾಗಿ ಉರಿದದ್ದು ಒಂದೇ ಸಲ, ನಾಲಿಗೆಗೆ ಮೂರು ರುಚಿ. ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ.

ದೋಸೆ ಹಿಟ್ಟೂ ಇದೇ ರೀತಿ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಅರ್ಧ ಚಮಚ ಮೆಂತ್ಯ. ನಿಮಗೆ ಇದರ ಅರ್ಧ ಸಾಕು. ಮೊದಲ ದಿನ ಇಡ್ಲಿ, ಮುಂದಿನ ಎರಡು ದಿನ ದೋಸೆ, ಹುಳಿಯಾದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿ ಪಡ್ಡು. ಅಂಗಡಿಯಲ್ಲಿ ಸಿಗುವ ಒಂದು ಕಿಲೋ ಹಿಟ್ಟಿನ ಬೆಲೆಯನ್ನೂ ಅದಕ್ಕೆ ಹಿಡಿಯುವ ಅಕ್ಕಿ ಬೇಳೆಯ ಬೆಲೆಯನ್ನೂ ಒಮ್ಮೆ ಲೆಕ್ಕ ಹಾಕಿದರೆ ಮಿಕ್ಸಿಯ ಸದ್ದು ಅಷ್ಟೊಂದು ಕಿರಿಕಿರಿ ಎನಿಸುವುದಿಲ್ಲ.

ಫ್ರಿಜ್ ಇಲ್ಲ. ಆಗ?

ಆಗ ಕೆಡದ ತರಕಾರಿಗಳ ಸ್ನೇಹ ಮಾಡಬೇಕು. ಈರುಳ್ಳಿ, ಆಲೂಗಡ್ಡೆ, ಸುವರ್ಣಗಡ್ಡೆ, ಕೆಸುವಿನ ಗಡ್ಡೆ, ಕತ್ತರಿಸದ ಸಿಹಿಗುಂಬಳ, ಬೂದುಗುಂಬಳ ವಾರಗಟ್ಟಲೆ ಇರುತ್ತವೆ. ಈರುಳ್ಳಿ, ಆಲೂಗಡ್ಡೆಗಳನ್ನು ಒಂದೇ ಬುಟ್ಟಿಯಲ್ಲಿ ಹಾಕಬೇಡಿ, ಆಲೂಗಡ್ಡೆ ಬೇಗ ಮೊಳಕೆಯೊಡೆಯುತ್ತದೆ. ಮಂಗಳೂರು ಸೌತೆಯನ್ನು ಕರಾವಳಿಯ ಮನೆಗಳಲ್ಲಿ ಬಾಳೆನಾರಿನಿಂದ ಕಟ್ಟಿ ಮಾಡಿನ ಜಂತಿಗೆ ನೇತುಹಾಕಿ ಮಳೆಗಾಲವಿಡೀ ಬಳಸುತ್ತಾರೆ. ನೆಲಕ್ಕೆ ತಾಗದೆ ಗಾಳಿಯಾಡುತ್ತಿದ್ದರೆ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ. ಬಾಡಿಗೆ ಕೋಣೆಯ ಕಿಟಕಿಯ ಸರಳಿಗೂ ಕಟ್ಟಬಹುದು. ಒಂದು ಸೌತೆಯಲ್ಲಿ ಎರಡು ದಿನದ ಹುಳಿ ಆಗುತ್ತದೆ, ತಿರುಳು ಬೀಜವನ್ನು ಕಿವುಚಿ ಸೋಸಿದ ನೀರಿನಲ್ಲಿ ಸಾರು ಮಾಡುವವರೂ ಇದ್ದಾರೆ.

ಉತ್ತರ ಕರ್ನಾಟಕದವರಿಗೆ ನಾನು ಹೇಳಿಕೊಡಬೇಕಾದದ್ದೇನಿಲ್ಲ. ಒಣಗಿಸಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಜೊತೆಗೊಂದು ಈರುಳ್ಳಿ, ಸ್ವಲ್ಪ ಮೊಸರು. ಫ್ರಿಜ್ ಬೇಡ, ಒಲೆಯೂ ಬೇಡ, ಹೊಟ್ಟೆ ತುಂಬುತ್ತದೆ, ಪ್ರೋಟೀನ್ ಕೂಡ ಸಿಗುತ್ತದೆ. ಬೇರೆ ಸೀಮೆಯವರು ಇದನ್ನು ಕಲಿತುಕೊಳ್ಳಬೇಕು. ಬೆಂಗಳೂರಿನಲ್ಲೂ ರೊಟ್ಟಿ ಕಟ್ಟು ಮಾರುವ ಅಂಗಡಿಗಳು ಬೇಕಾದಷ್ಟಿವೆ.

ಉಳಿದ ಅನ್ನ ತಿನ್ನಬಹುದೇ?

ಹೇಗೆ ಇಟ್ಟಿದ್ದೀರಿ ಎಂಬುದು ಮುಖ್ಯ. ಬೆಂದ ಅನ್ನವನ್ನು ಕುಕ್ಕರಿನಲ್ಲೇ ರಾತ್ರಿಯಿಡೀ ಬೆಚ್ಚಗೆ ಬಿಟ್ಟರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಊಟವಾದ ಮೇಲೆ ಗಂಟೆ ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್ಜಿಗಿಟ್ಟು ಮರುದಿನವೇ ಮುಗಿಸಿ. ತಣ್ಣನೆಯ ಉದುರು ಅನ್ನಕ್ಕೆ ಚಿತ್ರಾನ್ನ, ಪುಳಿಯೋಗರೆ ಚೆನ್ನಾಗಿ ಬರುತ್ತವೆ. ಫ್ರಿಜ್ ಇಲ್ಲದವರು ಅಳೆದು ಬೇಯಿಸುವುದೇ ಸರಿ. ಅರ್ಧ ಪಾವು ಅಕ್ಕಿ ಒಂದು ಹೊತ್ತಿಗೆ ಬಹುಮಂದಿಗೆ ಸಾಕಾಗುತ್ತದೆ. ನಿಮ್ಮ ಹಸಿವಿಗೆ ಒಪ್ಪುವ ಒಂದು ಲೋಟವನ್ನು ಅಕ್ಕಿ ಡಬ್ಬಿಯೊಳಗೇ ಇಟ್ಟುಬಿಡಿ.

ಮುದ್ದೆಯಲ್ಲಿ ಈ ತೊಂದರೆಯೇ ಇಲ್ಲ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು, ಒಬ್ಬರಿಗೆ ಒಂದು ಹೊತ್ತು, ಅಲ್ಲಿಗೆ ಮುಗಿಯಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಹಾಲು ಕಡಿಮೆ ಕೊಳ್ಳುವವರಿಗೆ ಇದು ಸಣ್ಣ ಮಾತಲ್ಲ.

ಕಡಿಮೆ ಹಣದಲ್ಲಿ ಪ್ರೋಟೀನ್ ಎಲ್ಲಿಂದ?

ಡಬ್ಬಿಯ ಪುಡಿಗಳಿಂದ ಬೇಡ. ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಎಂಬುದು ನಮ್ಮ ದೇಶದ ಶಿಫಾರಸು. 60 ಕಿಲೋ ತೂಗುವವರಿಗೆ 50 ಗ್ರಾಂ ಆಯಿತು. ಹುರುಳಿಕಾಳು, ತೊಗರಿಬೇಳೆ, ಹೆಸರುಕಾಳುಗಳಲ್ಲಿ ನೂರಕ್ಕೆ 20 ಗ್ರಾಂಗಿಂತ ಹೆಚ್ಚಿದೆ, ಕಡಲೆಬೀಜದಲ್ಲಿ ಸುಮಾರು 25, ಸೋಯಾ ಚಂಕ್ಸ್‌ನಲ್ಲಿ 50ರ ಆಸುಪಾಸು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ದಿನಕ್ಕೆ ಎರಡು ಹಿಡಿ ಕಾಳು, ಒಂದು ಹಿಡಿ ಕಡಲೆಬೀಜ, ತಿನ್ನುವವರಾದರೆ ಒಂದು ಮೊಟ್ಟೆ, ಒಂದು ಬಟ್ಟಲು ಮೊಸರು. ಉಳಿದದ್ದನ್ನು ಅನ್ನ, ರಾಗಿಯೇ ಕೊಡುತ್ತವೆ.

ಇವುಗಳಲ್ಲಿ ಅಗ್ಗದ್ದು ಸಾಮಾನ್ಯವಾಗಿ ಹುರುಳಿ. ಎತ್ತು ಕುದುರೆಗಳ ಮೇವೆಂದು ಕೆಲವರು ಮೂಗು ಮುರಿಯುವುದು ನನಗೆ ನೋವು ತರುತ್ತದೆ, ಇಷ್ಟು ಒಳ್ಳೆಯ ಕಾಳು ಅದು. ಕಾಳುಗಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಹೆಸರುಕಾಳಾದರೆ ಕೋಸಂಬರಿಗೆ, ಹುರುಳಿಯಾದರೆ ಮೊಳಕೆ ಸಾರಿಗೆ.

ಟೊಮೆಟೊ, ಈರುಳ್ಳಿ ಬೆಲೆ ಏರಿದಾಗ?

2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ. ದೊಡ್ಡ ಟೊಮೆಟೊ ಮಾರುಕಟ್ಟೆ ಪಕ್ಕದ ಕೋಲಾರದಲ್ಲೇ ಇದ್ದರೂ ಬೆಂಗಳೂರಿನವರಿಗೆ ಬಿಸಿ ತಪ್ಪಲಿಲ್ಲ. ನಮ್ಮ ಸಾರು ಹುಳಿಗಳಿಗೆ ಟೊಮೆಟೊ ಕಡ್ಡಾಯವೇನೂ ಅಲ್ಲ. ಹುಣಸೆಹಣ್ಣಿದೆ, ನಿಂಬೆಯಿದೆ, ಬೇಸಿಗೆಗೆ ಮಾವಿನಕಾಯಿಯಿದೆ, ಮಲೆನಾಡು ಕರಾವಳಿಗಳಲ್ಲಿ ಅಮಟೆಕಾಯಿ, ಬಿಂಬುಳಿ, ಪುನರ್ಪುಳಿ ಇವೆ. ಈರುಳ್ಳಿ ದುಬಾರಿಯಾದ ವಾರ ಎಲೆಕೋಸನ್ನು ಸಣ್ಣಗೆ ಹೆಚ್ಚಿ ಉಪ್ಪಿಟ್ಟಿಗೆ, ರೊಟ್ಟಿಗೆ ಹಾಕಿ. ಚಳಿಗಾಲದಲ್ಲಿ ಅವರೆಕಾಯಿ ರಾಶಿ ಬೀಳುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಉಪ್ಪಿಟ್ಟು, ಸಾರು, ರೊಟ್ಟಿ ಎಲ್ಲಕ್ಕೂ ಅದನ್ನೇ ಹಾಕಿ ಬೇರೆ ತರಕಾರಿ ಮರೆತುಬಿಡಿ.

ಸಾರಿನ ಪುಡಿ, ಹುಳಿ ಪುಡಿ ಮನೆಯಲ್ಲೇ ಮಾಡಬೇಕೇ?

ಅಮ್ಮ ಊರಿನಿಂದ ಕಳುಹಿಸುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಪೂರ್ತಿ ಡಬ್ಬಿಯನ್ನು ಹೊರಗಿಡದೆ ಸಣ್ಣ ಬಾಟಲಿಗೆ ಸ್ವಲ್ಪ ಸ್ವಲ್ಪ ಸುರಿದುಕೊಳ್ಳಿ, ಒದ್ದೆ ಚಮಚ ಹಾಕಬೇಡಿ. ಕಳುಹಿಸುವವರು ಇಲ್ಲದಿದ್ದರೆ ಅಂಗಡಿಯ ನೂರು ಗ್ರಾಂ ಪೊಟ್ಟಣ ಸಾಕು. ಹತ್ತು ಬಗೆಯ ಮಸಾಲೆ ಪೊಟ್ಟಣಗಳು ಮಾತ್ರ ಬೇಡ. ಸಾಸಿವೆ, ಜೀರಿಗೆ, ಮೆಂತ್ಯ, ಇಂಗು, ಅರಿಶಿನ, ಒಣಮೆಣಸಿನಕಾಯಿ, ಒಂದು ಸಾರಿನ ಪುಡಿ ಇದ್ದರೆ ವರ್ಷದ ಅಡುಗೆ ನಡೆಯುತ್ತದೆ.

ಗ್ಯಾಸ್ ಒಳ್ಳೆಯದೋ ಇಂಡಕ್ಷನ್ ಒಲೆಯೋ?

ಬಾಡಿಗೆದಾರರಿಗೆ 14.2 ಕಿಲೋ ಸಿಲಿಂಡರಿನ ಸಂಪರ್ಕ ಪಡೆಯುವುದು ಕೆಲವೊಮ್ಮೆ ದಾಖಲೆಗಳ ಕಾರಣಕ್ಕೆ ತಡವಾಗುತ್ತದೆ. ತೈಲ ಕಂಪನಿಗಳ 5 ಕಿಲೋ ಸಿಲಿಂಡರ್ ವಿಳಾಸದ ಪುರಾವೆಯಿಲ್ಲದೆ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ಆದರೆ ಕಿಲೋ ಲೆಕ್ಕದಲ್ಲಿ ದುಬಾರಿ. ತಾತ್ಕಾಲಿಕಕ್ಕೆ ಸರಿ.

ವಿದ್ಯುತ್ತಿನ ಲೆಕ್ಕ ಸುಲಭ. 500 ವ್ಯಾಟ್‌ನ ಅನ್ನದ ಕುಕ್ಕರ್ ಅರ್ಧ ಗಂಟೆ ಉರಿದರೆ ಕಾಲು ಯೂನಿಟ್, 2,000 ವ್ಯಾಟ್‌ನ ಇಂಡಕ್ಷನ್ ಒಲೆ ಪೂರ್ಣ ಶಕ್ತಿಯಲ್ಲಿ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. ಆದರೆ ಪ್ರತಿ ಮನೆಗೂ ಹಿಂದಿನ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್‌ಗಳ ಮಿತಿ ಬೇರೆ ಬೇರೆ. ನಿಮ್ಮ ಬಿಲ್ಲಿನಲ್ಲಿ ಅದನ್ನು ನೋಡಿ, ಮಿತಿಯೊಳಗೆ ಎಷ್ಟು ಉಳಿಯುತ್ತದೆ ಎಂದು ತಿಳಿದ ಮೇಲೆ ಒಲೆ ಆರಿಸಿಕೊಳ್ಳಿ.

ಯಾವುದೇ ಒಲೆಯಾದರೂ ಕಾಳು ನೆನೆಸದೆ ಬೇಯಿಸಬೇಡಿ, ಮುಚ್ಚಳವಿಲ್ಲದೆ ನೀರು ಕುದಿಸಬೇಡಿ, ಕುಕ್ಕರ್ ಮೊದಲ ಸಲ ಕೂಗಿದ ಮೇಲೆ ಉರಿ ತಗ್ಗಿಸಿ.

ಯಾವ ಪಾತ್ರೆಗಳು ಬೇಕು?

ಮೂರು ಲೀಟರಿನ ಕುಕ್ಕರ್, ಅದರೊಳಗೆ ಹಿಡಿಸುವ ಎರಡು ಡಬ್ಬಿ, ಒಂದು ಕಬ್ಬಿಣದ ಕಾವಲಿ, ಒಂದು ಬಾಣಲೆ, ಹಾಲಿನ ಪಾತ್ರೆ, ಒಗ್ಗರಣೆ ಸೌಟು, ಚಿಕ್ಕ ಜಾರ್ ಇರುವ ಮಿಕ್ಸಿ. ಉಳಿದದ್ದು ಆಮೇಲೆ.

ದಣಿದು ಬಂದ ರಾತ್ರಿ ಹೊರಗಿನಿಂದ ತರಿಸುವುದನ್ನು ಹೇಗೆ ತಪ್ಪಿಸುವುದು?

ಈ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. ಹೊರಗಿನ ಒಂದು ಊಟಕ್ಕೆ ಪೊಟ್ಟಣದ ಶುಲ್ಕ, ತಲುಪಿಸುವ ಶುಲ್ಕ ಸೇರಿ ಕೊಡುವ ಹಣದಲ್ಲಿ ಎರಡು ಮೂರು ದಿನದ ತರಕಾರಿ ಬರುತ್ತದೆ. ಆದರೆ ಆ ಹೊತ್ತಿನಲ್ಲಿ ಯಾರಿಗೂ ಲೆಕ್ಕ ಹಾಕುವ ತ್ರಾಣ ಇರುವುದಿಲ್ಲ, ಮನಸ್ಸನ್ನು ಬಿಗಿ ಹಿಡಿಯಿರಿ ಎಂಬ ಉಪದೇಶ ಅಲ್ಲಿ ನಡೆಯುವುದಿಲ್ಲ. ಆಪ್ ತೆರೆದು ಆರಿಸಿ ಕಾಯುವಷ್ಟರಲ್ಲಿ ಆಗಿಬಿಡುವ ಅಡುಗೆಯ ಸಾಮಾನು ಮನೆಯಲ್ಲಿರಬೇಕು, ಅಷ್ಟೇ ಉಪಾಯ.

ತೆಳು ಅವಲಕ್ಕಿಗೆ ಮೊಸರು, ಒಗ್ಗರಣೆ. ಗಟ್ಟಿ ಅವಲಕ್ಕಿ ಪುಡಿ ಮಾಡಿಟ್ಟಿದ್ದರೆ ಹುಣಸೆ ನೀರು, ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜವಲಕ್ಕಿ. ಮಂಡಕ್ಕಿ ನೆನೆಸಿ ಹಿಂಡಿ ಈರುಳ್ಳಿ, ಪುಟಾಣಿ ಪುಡಿಯೊಂದಿಗೆ ಸುಸಲಾ. ಹುರಿದ ರವೆಯ ಉಪ್ಪಿಟ್ಟು. ಹೆಸರುಬೇಳೆ, ಅಕ್ಕಿ ಒಟ್ಟಿಗೆ ಕುಕ್ಕರಿಗೆ ಹಾಕಿದರೆ ಖಾರದ ಪೊಂಗಲ್, ಅದು ಬೇಯುವಷ್ಟರಲ್ಲಿ ಸ್ನಾನ ಮುಗಿಯುತ್ತದೆ. ಇವುಗಳಲ್ಲಿ ನಿಮಗೆ ಇಷ್ಟವಾದ ಎರಡನ್ನು ಆರಿಸಿ, ಅವುಗಳ ಸಾಮಾನು ಎಂದೂ ಖಾಲಿಯಾಗದಂತೆ ನೋಡಿಕೊಳ್ಳಿ. ಅಕ್ಕಿ ಮುಗಿದರೂ ಪರವಾಗಿಲ್ಲ, ಈ ಎರಡು ಮುಗಿಯಬಾರದು.

ತಿಂಗಳಿಗೆ ಒಂದೆರಡು ಸಲ ಗೆಳೆಯರ ಜೊತೆ ಹೊರಗೆ ತಿನ್ನುವುದನ್ನು ಈ ಲೆಕ್ಕಕ್ಕೆ ತರಬೇಡಿ. ಅದು ಬೇಕಾದದ್ದೇ.

ಸರ್ಕಾರದ ಸೌಲಭ್ಯಗಳು ಒಬ್ಬರೇ ಇರುವವರಿಗೆ ಸಿಗುತ್ತವೆಯೇ?

ಊರಿನ ಪಡಿತರ ಚೀಟಿಯಲ್ಲಿ ನಿಮ್ಮ ಹೆಸರಿದ್ದರೆ, ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ನೀವಿರುವ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಧಾನ್ಯದ ಒಂದು ಭಾಗ ಪಡೆಯಬಹುದು, ಉಳಿದದ್ದನ್ನು ಮನೆಯವರು ಊರಿನಲ್ಲಿ ಪಡೆಯುತ್ತಾರೆ. ಮೊದಲೇ ಮನೆಯವರೊಂದಿಗೆ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಅವರ ಅಂದಾಜು ತಪ್ಪುತ್ತದೆ. ಇಂದಿರಾ ಕ್ಯಾಂಟೀನ್ 2017ರ ಆಗಸ್ಟ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಬೆಂಗಳೂರಿನಲ್ಲಿ ಶುರುವಾಯಿತು. ಅಲ್ಲಿ ತಿನ್ನಲು ಸಂಕೋಚ ಬೇಡ. ತಿಂಗಳ ಕೊನೆಯ ವಾರ ಹಸಿದುಕೊಂಡು ಮಲಗುವ ವಿದ್ಯಾರ್ಥಿಗಳನ್ನು ಬಲ್ಲೆ, ಅವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ನನಗೆ ಎಪ್ಪತ್ತು ವರ್ಷ. ಒಬ್ಬಳಿಗೇ ಅಂತ ಏನು ಮಾಡಿಕೊಳ್ಳುವುದು ಎನಿಸಿ ಮಜ್ಜಿಗೆ ಅನ್ನದಲ್ಲೇ ಕಳೆಯುತ್ತೇನೆ. ತಪ್ಪೇ?

ಅಮ್ಮಾ, ಒಂದು ಹೊತ್ತು ಮಜ್ಜಿಗೆ ಅನ್ನವಾದರೆ ತಪ್ಪೇನಿಲ್ಲ. ಮೂರು ಹೊತ್ತೂ ಅದೇ ಆದರೆ ಶಕ್ತಿ ಕುಂದುತ್ತದೆ. ಹೆಸರುಬೇಳೆ ಬೇಗ ಬೇಯುತ್ತದೆ, ಸುಲಭವಾಗಿ ಅರಗುತ್ತದೆ, ಹಿಡಿಯಷ್ಟನ್ನು ಅನ್ನದ ಜೊತೆಗೇ ಕುಕ್ಕರಿಗೆ ಹಾಕಿಬಿಡಿ. ಅರ್ಧ ಲೀಟರ್ ಹಾಲಿನಲ್ಲಿ ಕಾಫಿಗೆ ಆಗಿ ಮಿಕ್ಕದ್ದಕ್ಕೆ ಹೆಪ್ಪು ಹಾಕಿ. ಬೆಳಿಗ್ಗೆ ರಾಗಿ ಅಂಬಲಿ ಇರಲಿ. ಪಕ್ಕದ ಮನೆಯಲ್ಲೂ ಒಬ್ಬರೇ ಇದ್ದರೆ ಒಂದು ದಿನ ನೀವು ಹುಳಿ ಮಾಡಿ, ಮರುದಿನ ಅವರು ಪಲ್ಯ ಮಾಡಲಿ, ಬಟ್ಟಲು ಬದಲಾಯಿಸಿಕೊಳ್ಳಿ. ಎರಡು ಮನೆಗೂ ತರಕಾರಿ ಉಳಿಯುವುದಿಲ್ಲ. ಔಷಧಿ, ಪಥ್ಯ ಇದ್ದರೆ ವೈದ್ಯರು ಹೇಳಿದ್ದೇ ಮೊದಲು.

ಎಲ್ಲಿ ಉಳಿಸಬಾರದು?

ಹಾಲು, ಕಾಳು, ಸೊಪ್ಪು, ಹಣ್ಣುಗಳಲ್ಲಿ. ಕೈ ಬಿಗಿಯಾದಾಗ ಮೊದಲು ಇವನ್ನೇ ಬಿಟ್ಟು ಬಿಸ್ಕತ್ತು, ಚಹಾದಲ್ಲಿ ಹಸಿವು ತಡೆಯುವವರು ಬಹಳ. ಹಣ್ಣೆಂದರೆ ಸೇಬೇ ಆಗಬೇಕಿಲ್ಲ, ಪಚ್ಚಬಾಳೆ, ಸೀಬೆ, ಪರಂಗಿ ಸಾಕು. ಎಣ್ಣೆಯನ್ನೂ ಬಿಡಿಯಾಗಿ, ಹೆಸರಿಲ್ಲದ ಕಡೆ ಕೊಳ್ಳಬೇಡಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಒಬ್ಬರಿಗಾಗಿ ಕರಿಯುವ ಅಡುಗೆಯನ್ನೇ ಕೈಬಿಟ್ಟರೆ ಇನ್ನೂ ಒಳ್ಳೆಯದು. ಬಜ್ಜಿ, ಬೋಂಡ ಬೇಕೆನಿಸಿದ ದಿನ ಬೀದಿಯ ಅಂಗಡಿಯಲ್ಲಿ ಎರಡು ತಿಂದು ಬನ್ನಿ, ಬಾಣಲೆ ತುಂಬ ಎಣ್ಣೆ ಸುರಿಯುವುದಕ್ಕಿಂತ ಅದೇ ಅಗ್ಗ.